ಬಿಡುವಿನಲ್ಲಿ ಮಾಡುವ ವಾಹನ ಫ್ಯಾಬ್ರಿಕೇಶನ್: ಎಷ್ಟು ಕೇಳಿದರೆ ನ್ಯಾಯ? ಪದೇ ಪದೇ ಕೇಳುವ ಪ್ರಶ್ನೆಗಳು

ಹಗಲು ಬೇರೆ ಕೆಲಸ. ಸಂಜೆ ಮತ್ತು ರಜೆಯಲ್ಲಿ ವೆಲ್ಡಿಂಗ್. ಕ್ಯಾರಿಯರ್, ಬಂಪರ್, ತುಕ್ಕು ಹಿಡಿದ ತಳದ ರಿಪೇರಿ, ಸೈಲೆನ್ಸರ್ ಪೈಪ್, ಸಣ್ಣ ಟ್ರೇಲರ್. ಹೀಗೆ ದುಡಿಯುವವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ವೆಲ್ಡಿಂಗ್ ಬಗ್ಗೆ ಕೇಳುವುದು ಕಡಿಮೆ, ದುಡ್ಡಿನ ಬಗ್ಗೆಯೇ ಜಾಸ್ತಿ. ಕೆಲಸ ಚೆನ್ನಾಗಿ ಗೊತ್ತಿದ್ದವರೂ ಬೆಲೆ ಹೇಳುವಾಗ ತಡವರಿಸುತ್ತಾರೆ. ನಾನೂ ಹಲವು ವರ್ಷ ತಡವರಿಸಿದ್ದೇನೆ. ಆ ಪ್ರಶ್ನೆಗಳನ್ನು, ಅವರು ಕೇಳಿದ ಮಾತಿನಲ್ಲೇ, ಇಲ್ಲಿ ಒಟ್ಟು ಮಾಡಿದ್ದೇನೆ. ಲೆಕ್ಕಗಳಲ್ಲಿ ಯಾವ ನಾಣ್ಯವನ್ನೂ ಹೆಸರಿಸಿಲ್ಲ. ನಿಮ್ಮ ಒಂದು ಗಂಟೆಯ ಕೂಲಿಯನ್ನು 100 ಎಂದು ಇಟ್ಟುಕೊಂಡಿದ್ದೇನೆ. ನಿಮ್ಮ ನಿಜವಾದ ಅಂಕಿಯನ್ನು ಅಲ್ಲಿ ಹಾಕಿಕೊಳ್ಳಿ.

## ಶುರು ಮಾಡುವವರಿಗೆ

ಇದು ನನ್ನ ಮುಖ್ಯ ಕಸುಬಲ್ಲ. ಹಾಗಾಗಿ ವರ್ಕ್‌ಶಾಪಿನವರಿಗಿಂತ ಕಡಿಮೆ ತಗೊಳ್ಳಬೇಕಲ್ವಾ?

ಕಡಿಮೆ ತೆಗೆದುಕೊಳ್ಳಬಹುದು. ಆದರೆ ಅದಕ್ಕೆ ಸರಿಯಾದ ಕಾರಣ ಇರಬೇಕು. ನಿಮಗೆ ದೊಡ್ಡ ಶೆಡ್ಡಿನ ಬಾಡಿಗೆ ಇಲ್ಲ, ಆಳುಗಳ ಸಂಬಳ ಇಲ್ಲ. ಆ ಉಳಿತಾಯದಲ್ಲಿ ಒಂದು ಪಾಲು ಗಿರಾಕಿಗೆ ಹೋದರೆ ಅದು ನ್ಯಾಯವೇ. ಇನ್ನೊಂದು ಕಡೆ, ನೀವು ನಿಧಾನ. ವಾರಕ್ಕೆ ಕೆಲವೇ ಗಂಟೆ ಸಿಗುವುದರಿಂದ ಗಿರಾಕಿಯ ಗಾಡಿ ಹೆಚ್ಚು ದಿನ ನಿಲ್ಲುತ್ತದೆ. ಅದಕ್ಕೂ ಸ್ವಲ್ಪ ಬಿಡಬಹುದು.

ಆದರೆ "ಇದು ಸುಮ್ನೆ ಹವ್ಯಾಸ" ಎಂದು ನಿಮ್ಮ ಕೂಲಿಯನ್ನೇ ಬಿಟ್ಟರೆ ಅದು ಬೇರೆ ಮಾತು. ಕೂಲಿ ಇಲ್ಲದ ಕೆಲಸವನ್ನು ಮೂರನೇ ತಿಂಗಳಿಗೆ ಮನಸ್ಸು ಮುಂದೂಡಲು ಶುರು ಮಾಡುತ್ತದೆ. ಆಗ ಕಾಯುವವರು ಯಾರು? ಅದೇ ಗಿರಾಕಿ. ಇದೇ ಕೆಲಸದಿಂದ ಮನೆ ನಡೆಸುವ ಪಕ್ಕದ ವೆಲ್ಡರ್ ಬಗ್ಗೆಯೂ ಯೋಚಿಸಿ. ಅವರ ಬೆಲೆಯ ಅರ್ಧಕ್ಕೆ ಮಾಡಿಕೊಟ್ಟರೆ ಅವರ ಹೊಟ್ಟೆಪಾಡಿಗೆ ಹೊಡೆತ.

ಮಾಲಿನ ಬೆಲೆಯನ್ನು ಎರಡರಷ್ಟು ಮಾಡಿ ಹೇಳು, ಸಾಕು ಅಂತಾರೆ. ನಿಜಾನಾ?

ಕೆಲವೊಮ್ಮೆ ಆಕಸ್ಮಿಕವಾಗಿ ಸರಿ ಹೊಂದುತ್ತದೆ, ಅಷ್ಟೆ. ಕಾರಿನ ತಳದಲ್ಲಿ ತುಕ್ಕು ತಿಂದ ಜಾಗಕ್ಕೆ ಒಂದು ಅಂಗೈಯಗಲದ ಶೀಟ್ ಸಾಕು. ಆದರೆ ಸೀಟು ಬಿಚ್ಚಬೇಕು, ಕಾರ್ಪೆಟ್ ಎತ್ತಬೇಕು, ವೈರಿಂಗ್ ಸರಿಸಬೇಕು, ಕೊಳೆತದ್ದನ್ನು ಕತ್ತರಿಸಬೇಕು. ಒಂದು ದಿನ ಹೋಗುತ್ತದೆ. ಅಲ್ಲಿ ಎರಡರಷ್ಟು ಅಂದರೆ ನಿಮಗೆ ಏನೂ ಸಿಗುವುದಿಲ್ಲ. ದಪ್ಪ ಪ್ಲೇಟಿನ ಟ್ರೇಲರ್ ತಳಕ್ಕೆ ಮಾಲಿನ ಖರ್ಚು ದೊಡ್ಡದು, ಕೆಲಸ ಕಡಿಮೆ. ಅಲ್ಲಿ ಅದೇ ಲೆಕ್ಕ ಗಿರಾಕಿಗೆ ಅನ್ಯಾಯ. ಗಂಟೆ ಬೇರೆ, ಮಾಲು ಬೇರೆ. ಎರಡನ್ನೂ ಬೇರೆಯಾಗಿಯೇ ಲೆಕ್ಕ ಹಾಕಿ.

ನನ್ನ ಗಂಟೆಯ ದರ ಎಷ್ಟು ಅಂತ ಹೇಗೆ ಕಂಡುಹಿಡಿಯೋದು?

ಇದೊಂದನ್ನು ಕೂತು ಮಾಡಿದರೆ ಉಳಿದದ್ದು ಸುಲಭ. ಒಂದು ಸಂಜೆ ಇದಕ್ಕೇ ಮೀಸಲಿಡಿ.

ಮೊದಲು ನೋಡಬೇಕಾದ್ದು, ನಿಮಗೆ ನಿಜವಾಗಿ ಎಷ್ಟು ಗಂಟೆ ಸಿಗುತ್ತದೆ ಎಂಬುದು. ವಾರಕ್ಕೆ 12 ಗಂಟೆ, ವರ್ಷಕ್ಕೆ 45 ವಾರ ಅಂದುಕೊಳ್ಳೋಣ. ಒಟ್ಟು 540 ಗಂಟೆ. ಅಷ್ಟೂ ಗಂಟೆಗೆ ಗಿರಾಕಿ ದುಡ್ಡು ಕೊಡುವುದಿಲ್ಲ. ಫೋನಿನಲ್ಲಿ ಮಾತಾಡುವುದು, ಅಳತೆ ನೋಡಿ ಕೆಲಸ ಸಿಗದೇ ವಾಪಸ್ ಬರುವುದು, ವೆಲ್ಡಿಂಗ್ ಗ್ಯಾಸ್ ತುಂಬಿಸಲು ಹೋಗುವುದು, ಮಿಷನ್ ರಿಪೇರಿ, ಶೆಡ್ ಗುಡಿಸುವುದು, ಲೆಕ್ಕ ಬರೆಯುವುದು ಇವೆಲ್ಲ ಅದರಲ್ಲೇ ಸೇರಿವೆ. ಬಿಲ್ಲಿಗೆ ಬರುವುದು ನೂರಕ್ಕೆ 60 ಅಂತಿಟ್ಟರೆ 324 ಗಂಟೆ.

ಗಂಟೆಗೆ 100ರಂತೆ 540 ಗಂಟೆಯ ಕೂಲಿ 54,000. ಅದನ್ನು 324 ಗಂಟೆಯಲ್ಲೇ ಪಡೆಯಬೇಕು. ಅಂದರೆ ಗಂಟೆಗೆ 167. ಕೂಲಿ ಇಲ್ಲಿಗೇ ಒಂದೂಮುಕ್ಕಾಲು ಪಟ್ಟಿನ ಹತ್ತಿರ ಬಂತು.

ಇದರ ಮೇಲೆ ವರ್ಷದ ಖರ್ಚು. ವೆಲ್ಡಿಂಗ್ ಮಿಷನ್, ಗ್ರೈಂಡರ್, ಕಟಿಂಗ್ ಮಿಷನ್, ಕಂಪ್ರೆಸರ್ ಎಲ್ಲದರ ಸವಕಳಿ ಬರೆಯಿರಿ. ಕೊಂಡ ಬೆಲೆಯಿಂದ ಮುಂದೆ ಮಾರಿದರೆ ಬರುವ ಬೆಲೆಯನ್ನು ಕಳೆದು, ಎಷ್ಟು ವರ್ಷ ಬಾಳುತ್ತದೋ ಅದರಿಂದ ಭಾಗಿಸಿದರೆ ಒಂದು ವರ್ಷದ ಸವಕಳಿ. ಕರೆಂಟು, ಜಾಗದ ಬಾಡಿಗೆ, ವಿಮೆ, ಹೆಲ್ಮೆಟ್, ಗ್ಲೌಸ್ ಸೇರಿಸಿ. ಇವೆಲ್ಲ ಕೂಡಿ 13,000 ಆಯಿತು ಅನ್ನೋಣ. 324ರಿಂದ ಭಾಗಿಸಿದರೆ ಗಂಟೆಗೆ 40.

ಒಟ್ಟು 207. ಗಂಟೆಗೆ 100 ಕೂಲಿ ಬೇಕೆನ್ನುವವರು 207 ಕೇಳಬೇಕು. ಅದರ ಮೇಲೆ ತೆರಿಗೆ ಬೇರೆ. ಮೊದಲ ಸಲ ಈ ಅಂಕಿ ನೋಡಿದಾಗ ನನಗೆ ನಂಬಿಕೆ ಬರಲಿಲ್ಲ, ಮೂರು ಸಲ ಕೂಡಿಸಿದೆ. ಹಿಂದಿನ ಎರಡು ವರ್ಷ ನಾನು ಕೇಳುತ್ತಿದ್ದದ್ದು 110ರ ಆಸುಪಾಸು. ಕೂಲಿ ಸಿಗುತ್ತಿದೆ ಅಂದುಕೊಂಡಿದ್ದೆ. ಮಿಷನ್ ಕೆಟ್ಟಾಗ ಮನೆ ಖರ್ಚಿನ ದುಡ್ಡಿಗೆ ಕೈ ಹಾಕಬೇಕಾಗಿ ಬರುತ್ತಿತ್ತು. ಯಾಕೆ ಎಂದು ಅವತ್ತು ಗೊತ್ತಾಯಿತು.

ನಿಮ್ಮ ಅಂಕಿಗಳು ಬೇರೆ ಇರುತ್ತವೆ. ಲೆಕ್ಕದ ದಾರಿ ಮಾತ್ರ ಇದೇ.

ನೋಡೋಕೆ ಅರ್ಧ ದಿನದ ಕೆಲಸ, ಮುಗಿಯೋಕೆ ಎರಡು ದಿನ. ನಾನು ಎಲ್ಲಿ ತಪ್ತಿದ್ದೀನಿ?

ಅಂದಾಜು ಮಾಡುವಾಗ ನಿಮ್ಮ ಕಣ್ಣಿಗೆ ವೆಲ್ಡಿಂಗ್ ಮಾತ್ರ ಕಾಣುತ್ತಿದೆ. ನನ್ನ ನೋಟ್‌ಬುಕ್ಕಿನಲ್ಲಿರುವ ಒಂದು ಮೇಲ್ಛಾವಣಿ ಕ್ಯಾರಿಯರ್ ನೋಡಿ. ಅಳತೆ ಮತ್ತು ಚಿತ್ರಕ್ಕೆ 1 ಗಂಟೆ, ಮಾಲು ತರಲು ಒಂದೂವರೆ, ಕತ್ತರಿಸಿ ಅಂಚು ಸರಿಮಾಡಲು 2, ಹೊಂದಿಸಿ ಟ್ಯಾಕ್ (ತುಂಡುಗಳನ್ನು ಹಿಡಿದಿಡುವ ಚಿಕ್ಕ ಬೆಸುಗೆ) ಹಾಕಲು 3, ಪೂರ್ತಿ ವೆಲ್ಡಿಂಗ್‌ಗೆ ಒಂದೂವರೆ, ಗ್ರೈಂಡಿಂಗ್ 2, ಪ್ರೈಮರ್ ಮತ್ತು ಬಣ್ಣ 2, ಗಾಡಿಗೆ ಕೂರಿಸಲು ಒಂದೂವರೆ. ಒಟ್ಟು 14.5 ಗಂಟೆ. ವೆಲ್ಡಿಂಗ್ ಅದರಲ್ಲಿ ಹತ್ತನೇ ಒಂದು ಭಾಗ.

ಗಾಡಿಯ ಮೇಲೆಯೇ ಮಾಡುವ ಕೆಲಸದಲ್ಲಿ ಇನ್ನೂ ಕೆಲವು ಸೇರುತ್ತವೆ. ಬ್ಯಾಟರಿ ಸಂಪರ್ಕ ತೆಗೆಯಬೇಕು, ಇಲ್ಲದಿದ್ದರೆ ಎಲೆಕ್ಟ್ರಾನಿಕ್ ಭಾಗಗಳು ಹಾಳಾಗುವ ಅಪಾಯವಿದೆ. ಕರೆಂಟು ಮಿಷನ್ನಿಗೆ ವಾಪಸ್ ಹೋಗುವ ಅರ್ತ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗದ ಹತ್ತಿರವೇ ಕಚ್ಚಿಸಬೇಕು. ಇಂಧನದ ಪೈಪ್, ಸೀಟ್ ಬೆಲ್ಟ್, ರಬ್ಬರ್, ಗಾಜು ಎಲ್ಲವನ್ನೂ ಕಿಡಿಯಿಂದ ಕಾಪಾಡಬೇಕು. ಇದು ಮುಕ್ಕಾಲು ಗಂಟೆಯಿಂದ ಎರಡು ಗಂಟೆಯ ಕೆಲಸ. ಬಿಲ್ಲಿಗೆ ಸೇರಿಸದಿದ್ದರೆ ಅವಸರದಲ್ಲಿ ಇದನ್ನೇ ಬಿಟ್ಟುಬಿಡುತ್ತೀರಿ, ಬೆಂಕಿ ಹತ್ತುವುದು ಅಂಥ ದಿನವೇ.

ಮುಂದಿನ ಐದು ಕೆಲಸಕ್ಕೆ ಗಡಿಯಾರ ನೋಡಿ ಬರೆದಿಡಿ. ಆಮೇಲೆ ಯಾರನ್ನೂ ಕೇಳಬೇಕಾಗಿಲ್ಲ.

## ಮಾಲು, ಗ್ಯಾಸ್, ಡಿಸ್ಕ್

ಅಂಗಡಿಗೆ ಹೋಗೋ ಮೊದಲೇ ಕಬ್ಬಿಣದ ತೂಕ ಗೊತ್ತಾಗೋದು ಹೇಗೆ?

ಉಕ್ಕಿನ ಸಾಂದ್ರತೆ ಒಂದು ಘನ ಮೀಟರಿಗೆ 7,850 ಕಿಲೋ. ಹಾಗಾಗಿ 1 ಮಿಮೀ ದಪ್ಪದ ಶೀಟ್ ಒಂದು ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ. 3 ಮಿಮೀ ಆದರೆ ಮೂರು ಪಟ್ಟು, 23.55.

ಗುಂಡು ಸರಳಿಗೆ: ಮಿಲಿಮೀಟರಿನಲ್ಲಿ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ 162ರಿಂದ ಭಾಗಿಸಿ. ಒಂದು ಮೀಟರಿನ ತೂಕ ಬರುತ್ತದೆ. 12 ಮಿಮೀ ಸರಳು ಅಂದರೆ 144 ಭಾಗಿಸು 162, ಸುಮಾರು 0.89 ಕಿಲೋ.

ಚೌಕ ಪೈಪಿಗೆ: ಮಿಲಿಮೀಟರಿನಲ್ಲಿ ಒಂದು ಬದಿಯ ಅಳತೆಯಿಂದ ಪೈಪಿನ ತಗಡಿನ ದಪ್ಪವನ್ನು ಕಳೆಯಿರಿ. ಅದನ್ನು ದಪ್ಪದಿಂದ, ನಂತರ 4ರಿಂದ, ನಂತರ 0.00785ರಿಂದ ಗುಣಿಸಿ. 25×25×2 ಪೈಪ್ ಮೀಟರಿಗೆ ಸುಮಾರು 1.44 ಕಿಲೋ, 40×40×2 ಸುಮಾರು 2.39 ಕಿಲೋ. ಮೂಲೆಗಳು ದುಂಡಗಿರುವುದರಿಂದ ನಿಜವಾದ ತೂಕ ಇದಕ್ಕಿಂತ ತುಸು ಕಡಿಮೆ. ಗುಂಡು ಪೈಪಿಗೆ ಹೊರವ್ಯಾಸದಿಂದ ದಪ್ಪವನ್ನು ಕಳೆದು, ದಪ್ಪದಿಂದಲೂ 0.02466ರಿಂದಲೂ ಗುಣಿಸಿ. ಅಲ್ಯೂಮಿನಿಯಂ ಆದರೆ ಬಂದ ಉತ್ತರದ ಮೂರನೇ ಒಂದು ಭಾಗದಷ್ಟು.

ತೂಕ ಗೊತ್ತಿದ್ದರೆ ಇನ್ನೊಂದು ಲಾಭವೂ ಇದೆ. ಗಾಡಿಯ ಛಾವಣಿ ಎಷ್ಟು ಭಾರ ತಡೆಯುತ್ತದೆ ಎಂದು ಮಾಲೀಕರ ಕೈಪಿಡಿಯಲ್ಲಿ ಬರೆದಿರುತ್ತಾರೆ. ಕ್ಯಾರಿಯರಿನ ತೂಕವೇ ಅದರಲ್ಲಿ ಅರ್ಧ ತಿಂದರೆ ಗಿರಾಕಿ ಸಾಮಾನು ಎಲ್ಲಿ ಇಡುತ್ತಾರೆ? ಬೆಲೆ ಹೇಳುವ ಮೊದಲೇ ಇದನ್ನು ಅವರಿಗೆ ತೋರಿಸಿ.

ಬೇಕಾದ್ದು 9 ಮೀಟರ್, ಕೊಂಡಿದ್ದು 12 ಮೀಟರ್. ಉಳಿದ ತುಂಡಿಗೆ ಗಿರಾಕಿ ಕೊಡಬೇಕಾ?

1.3 ಮೀಟರಿನ ಏಳು ತುಂಡು ಬೇಕು ಅನ್ನೋಣ. ಒಟ್ಟು 9.1 ಮೀಟರ್. ಪೈಪ್ ಬರುವುದು 6 ಮೀಟರ್ ಉದ್ದದಲ್ಲಿ. ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಮೂರು ತುಂಡು. ಒಂದು ಕಡೆ ಸುಮಾರು 0.8, ಇನ್ನೊಂದು ಕಡೆ 2.1 ಮೀಟರ್ ಉಳಿಯಿತು. ಪ್ರತಿ ಕತ್ತರಿಕೆಯಲ್ಲೂ ಡಿಸ್ಕಿನ ದಪ್ಪದಷ್ಟು, ಸುಮಾರು 3 ಮಿಮೀ, ಪುಡಿಯಾಗಿ ಹೋಗುತ್ತದೆ.

ನಾನು ಪಾಲಿಸುವುದು ಹೀಗೆ. ಈ ಕೆಲಸಕ್ಕಾಗಿಯೇ ಕೊಂಡಿದ್ದರೆ ಗಿರಾಕಿ ಎರಡು ಪೈಪಿಗೂ ಕೊಡುತ್ತಾರೆ, ಉಳಿದ ತುಂಡು ಅವರದ್ದೇ. ಬೇಡ ಅಂದರೆ ಆ 2.1 ಮೀಟರ್ ನಾನು ಇಟ್ಟುಕೊಂಡು ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯುತ್ತೇನೆ. ದುಡ್ಡೂ ತೆಗೆದುಕೊಂಡು ಪೈಪನ್ನೂ ಸುಮ್ಮನೆ ಶೆಡ್ಡಿನಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ. ಗಿರಾಕಿಗೆ ಗೊತ್ತಾಗುವುದಿಲ್ಲ, ನಿಜ. ನಿಮಗೆ ಗೊತ್ತಿರುತ್ತದೆ.

ಗ್ಯಾಸ್, ವೈರ್, ಡಿಸ್ಕ್ ಇವನ್ನೆಲ್ಲ ಒಂದೊಂದಾಗಿ ಬರೀಬೇಕಾ?

ಬೇಡ. ಬಿಲ್ ಉದ್ದವಾಗುತ್ತದೆ, ಗಿರಾಕಿಗೆ ತಲೆನೋವು. ಆದರೆ ನಿಮಗೆ ಲೆಕ್ಕ ಇರಬೇಕು. 7 ಘನ ಮೀಟರ್ ಗ್ಯಾಸ್ ಹಿಡಿಯುವ ಸಿಲಿಂಡರ್ ಅಂದರೆ 7,000 ಲೀಟರ್. ನಿಮಿಷಕ್ಕೆ 12 ಲೀಟರ್ ಹರಿಸಿದರೆ 583 ನಿಮಿಷ, ಹತ್ತು ಗಂಟೆಗೂ ಸ್ವಲ್ಪ ಕಡಿಮೆ. ಕೊಳವೆ ಸೋರಿದರೆ ಇನ್ನೂ ಬೇಗ ಮುಗಿಯುತ್ತದೆ.

ಮೂರು ತಿಂಗಳಲ್ಲಿ ಗ್ಯಾಸ್, ಬೆಸುಗೆಗೆ ಕರಗುವ ವೈರ್, ಕಟಿಂಗ್ ಡಿಸ್ಕ್, ಉಜ್ಜುವ ಫ್ಲ್ಯಾಪ್ ಡಿಸ್ಕ್, ಪ್ರೈಮರ್, ಥಿನ್ನರಿಗೆ ಎಷ್ಟು ಹೋಯಿತು ಎಂದು ಕೂಡಿಸಿ. ಅದೇ ಮೂರು ತಿಂಗಳಲ್ಲಿ ಬಿಲ್ ಮಾಡಿದ ಗಂಟೆಗಳಿಂದ ಭಾಗಿಸಿ. ಬಂದ ಅಂಕಿಯನ್ನು ಗಂಟೆಯ ದರಕ್ಕೇ ಸೇರಿಸಿಬಿಡಿ. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಕೆಲಸಕ್ಕೆ ಮಾತ್ರ ಬೇರೆ ದರ ಇಡಿ. ಅಲ್ಲಿ ಆರ್ಗಾನ್ ಗ್ಯಾಸ್ ಹೆಚ್ಚು ಹೋಗುತ್ತದೆ, ಫಿಲ್ಲರ್ (ಕರಗಿಸಿ ತುಂಬುವ ಕಡ್ಡಿ) ದುಬಾರಿ, ಸ್ಟೇನ್‌ಲೆಸ್ ಪೈಪಿಗೆ ಒಳಗಡೆಯಿಂದಲೂ ಗ್ಯಾಸ್ ಬಿಡಬೇಕಾಗುತ್ತದೆ.

ಮಾಲಿನ ಮೇಲೆ ಲಾಭ ಇಡೋದು ಮೋಸ ಅಲ್ವಾ?

ಅಲ್ಲ. ಮಾಲು ಆರಿಸಿದ್ದು ನೀವು, ಹೊತ್ತು ತಂದಿದ್ದು ನೀವು. ತಪ್ಪು ಕತ್ತರಿಸಿದರೆ ಹೊಸದನ್ನು ಕೊಳ್ಳುವವರೂ ನೀವೇ. ಅದಕ್ಕೊಂದು ಬೆಲೆ ಇದೆ. ನೂರಕ್ಕೆ 15ರಿಂದ 25 ಇಟ್ಟರೆ ನನ್ನ ಲೆಕ್ಕದಲ್ಲಿ ಹಿತಮಿತ. ಮೋಸ ಆಗುವುದು "ಮಾಲು ಕೊಂಡ ಬೆಲೆಗೇ ಕೊಟ್ಟೆ" ಎಂದು ಬಾಯಲ್ಲಿ ಹೇಳಿ ಬಿಲ್ಲಿನಲ್ಲಿ ಏರಿಸಿದಾಗ.

ಇಲ್ಲಿ ಬಹಳ ಜನ ಎಡವುವ ಒಂದು ಲೆಕ್ಕವಿದೆ. 100ಕ್ಕೆ ತಂದು 25 ಸೇರಿಸಿ 125ಕ್ಕೆ ಕೊಟ್ಟರೆ, ಮಾರಿದ ಬೆಲೆಯಲ್ಲಿ ನಿಮ್ಮ ಪಾಲು ನೂರಕ್ಕೆ 20 ಮಾತ್ರ. ಮಾರುವ ಬೆಲೆಯಲ್ಲೇ ನೂರಕ್ಕೆ 25 ನಿಮಗೆ ಉಳಿಯಬೇಕಾದರೆ 100ನ್ನು 0.75ರಿಂದ ಭಾಗಿಸಿ 133 ಕೇಳಬೇಕು.

ಗಿರಾಕಿ ತಾವೇ ಮಾಲು ತಂದುಕೊಟ್ರೆ?

ತರಲಿ, ತೊಂದರೆಯಿಲ್ಲ. ಆದರೆ ಗುಜರಿಯಿಂದ ತಂದ ಪೈಪಿನ ಮೇಲೆ ತುಕ್ಕು, ಬಣ್ಣ, ಎಣ್ಣೆ ಇರುತ್ತದೆ. ಸ್ವಚ್ಛ ಮಾಡುವ ಗಂಟೆಯನ್ನು ಬಿಲ್ಲಿಗೆ ಸೇರಿಸುತ್ತೇನೆ ಎಂದು ಮೊದಲೇ ಹೇಳಿ. ಸತು ಲೇಪನ ಇದ್ದರೆ ಅದನ್ನು ತೆಗೆಯದೆ ಬೆಸುಗೆ ಹಾಕಬೇಡಿ, ಆ ಹೊಗೆಯಿಂದ ಚಳಿಜ್ವರ ಬರುತ್ತದೆ. ಭಾರ ಹೊರುವ ಭಾಗಕ್ಕೆ ಯಾವ ಉಕ್ಕು ಎಂದೇ ಗೊತ್ತಿಲ್ಲದ ಮಾಲು ತಂದರೆ ನಾನು ಬೇಡ ಎನ್ನುತ್ತೇನೆ.

## ಗಿರಾಕಿ ಜೊತೆ ಮಾತು

ಫೋಟೋ ಕಳಿಸಿ "ಎಷ್ಟಾಗುತ್ತೆ ಹೇಳಿ" ಅಂತಾರೆ. ಒಂದೇ ಅಂಕಿ ಹೇಳಿಬಿಡಲಾ?

ಹೇಳಬೇಡಿ. ಒಂದೇ ಅಂಕಿ ಹೇಳಿದರೆ ಅದೇ ಅವರ ಮನಸ್ಸಿನಲ್ಲಿ ಉಳಿಯುತ್ತದೆ. "ಇಷ್ಟರಿಂದ ಇಷ್ಟರವರೆಗೆ ಆಗಬಹುದು, ಗಾಡಿ ನೋಡಿದ ಮೇಲೆ ಖಚಿತವಾಗಿ ಬರೆದುಕೊಡುತ್ತೇನೆ" ಅನ್ನಿ.

ಗಾಡಿ ನೋಡಿದ ಮೇಲೂ ಅನುಮಾನ ಇದ್ದರೆ ಮೂರು ಅಂಕಿ ಬರೆಯಿರಿ. ಎಲ್ಲ ಸುಸೂತ್ರವಾದರೆ ಎಷ್ಟು ಗಂಟೆ, ಸಾಮಾನ್ಯವಾಗಿ ಎಷ್ಟು, ಬೋಲ್ಟ್ ತುಂಡಾಗಿ ಎಲ್ಲ ಎಡವಟ್ಟಾದರೆ ಎಷ್ಟು. ನಡುವಿನದನ್ನು 4ರಿಂದ ಗುಣಿಸಿ, ಮೂರನ್ನೂ ಕೂಡಿಸಿ, 6ರಿಂದ ಭಾಗಿಸಿ. 6, 9, 18 ಗಂಟೆ ಅಂದರೆ (6 + 36 + 18) ÷ 6 = 10. ಇದು 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪಿಸಿದ ಪರ್ಟ್ ವಿಧಾನದ ಲೆಕ್ಕ. ಒಂದು ಬಂಪರಿಗೂ ಚೆನ್ನಾಗಿಯೇ ಹೊಂದುತ್ತದೆ. ಬಾಯಿಗೆ ಬಂದ 9ಕ್ಕಿಂತ ಈ 10 ನಿಜಕ್ಕೆ ಹತ್ತಿರ.

ಒಟ್ಟು ಮೊತ್ತ ಹೇಳೋದು ಒಳ್ಳೇದಾ, ಗಂಟೆ ಲೆಕ್ಕನಾ?

ಹೊಸದಾಗಿ ಮಾಡುವ ವಸ್ತುವಿಗೆ ಒಟ್ಟು ಮೊತ್ತ. ಕ್ಯಾರಿಯರ್, ಬಂಪರ್, ಏಣಿ ಇವುಗಳಲ್ಲಿ ಅಡಗಿದ ಅಪಾಯ ಕಡಿಮೆ. ಅಂದಾಜು ನಿಮ್ಮ ಹೊಣೆ, ಗಿರಾಕಿಗೆ ನಿಶ್ಚಿಂತೆ.

ತುಕ್ಕು ರಿಪೇರಿಗೆ ಮಾತ್ರ ಒಟ್ಟು ಮೊತ್ತ ಹೇಳಬೇಡಿ. ಮೇಲೆ ಕಾಣುವ ತೂತು ಬೆರಳಗಲ ಇರುತ್ತದೆ. ಗ್ರೈಂಡರ್ ಮುಟ್ಟಿಸಿದರೆ ಅಂಗೈಯಗಲ ಆಗುತ್ತದೆ. ಅದರ ಹಿಂದೆ ಇನ್ನೊಂದು ಪದರ ಪೂರ್ತಿ ಕೊಳೆತಿರುತ್ತದೆ. ಇಲ್ಲಿ ಎರಡು ಹಂತ ಮಾಡಿ. ಮೊದಲ ಹಂತ ಬಿಚ್ಚಿ ನೋಡುವುದು, ಅದಕ್ಕೆ ಸಣ್ಣ ನಿಗದಿತ ಮೊತ್ತ. ನೋಡಿದ ಮೇಲೆ ಗಿರಾಕಿಯನ್ನು ಕರೆದು, ಸ್ಕ್ರೂಡ್ರೈವರಿನಿಂದ ಚುಚ್ಚಿ ತೋರಿಸಿ, ಎರಡನೇ ಹಂತಕ್ಕೆ ಗಂಟೆ ಲೆಕ್ಕ ಮತ್ತು "ಇದಕ್ಕಿಂತ ಮೇಲೆ ಹೋದರೆ ಕೇಳದೆ ಮುಂದುವರಿಸುವುದಿಲ್ಲ" ಎಂಬ ಒಂದು ಮಿತಿ ಹೇಳಿ. ರಿಪೇರಿಗಿಂತ ಗಾಡಿ ಮಾರುವುದೇ ಮೇಲು ಎಂದು ಗಿರಾಕಿ ತೀರ್ಮಾನಿಸಿದರೆ ಅವರು ಮೊದಲ ಹಂತದ ಸಣ್ಣ ಮೊತ್ತದಲ್ಲೇ ಹೊರಗೆ ಬರುತ್ತಾರೆ. ತುಕ್ಕಿನ ಕೆಲಸದಲ್ಲಿ ಅವರಿಗೆ ಇದಕ್ಕಿಂತ ದೊಡ್ಡ ನ್ಯಾಯ ನನಗೆ ಗೊತ್ತಿಲ್ಲ.

ಅಡ್ವಾನ್ಸ್ ಎಷ್ಟು ಕೇಳಬಹುದು?

ಮಾಲಿನ ಪೂರ್ತಿ ಖರ್ಚು. ಕೂಲಿಯನ್ನು ಕೆಲಸ ಮುಗಿದ ಮೇಲೆ ಕೇಳಿ. ಕೆಲಸ ಒಂದು ತಿಂಗಳು ದಾಟುವಂತಿದ್ದರೆ ಮಧ್ಯದಲ್ಲಿ ಒಂದು ಕಂತು. ಪೂರ್ತಿ ದುಡ್ಡು ಮೊದಲೇ ತೆಗೆದುಕೊಳ್ಳಬೇಡಿ. ಆಮೇಲೆ ಬರುವ ದುಡ್ಡಿಲ್ಲದಿದ್ದರೆ ಎಂಥ ಒಳ್ಳೆಯವರಿಗೂ ಕೈ ನಿಧಾನವಾಗುತ್ತದೆ.

"ಸ್ವಲ್ಪ ಕಡಿಮೆ ಮಾಡಿ" ಅಂದ್ರೆ ಏನು ಮಾಡ್ಲಿ?

ದರ ಇಳಿಸಬೇಡಿ, ಕೆಲಸ ಇಳಿಸಿ. ಕ್ಯಾರಿಯರಿನ ಎಲ್ಲ ಬೆಸುಗೆಯನ್ನೂ ಉಜ್ಜಿ ನಯ ಮಾಡುವುದನ್ನು ಬಿಟ್ಟರೆ ಒಂದೂವರೆ ಗಂಟೆ ಉಳಿಯುತ್ತದೆ. ಪ್ರೈಮರ್ ಹೊಡೆದು ಕೊಟ್ಟರೆ ಬಣ್ಣ ಅವರೇ ಹಚ್ಚಿಕೊಳ್ಳಬಹುದು. ಸೀಟು, ಕಾರ್ಪೆಟ್ ಅವರೇ ಬಿಚ್ಚಿ ತಂದರೆ ಎರಡು ಗಂಟೆ ಉಳಿಯಿತು. ಬಹಳ ಗಿರಾಕಿಗಳು ಇದನ್ನು ಖುಷಿಯಿಂದ ಒಪ್ಪುತ್ತಾರೆ.

ಏನೂ ಬದಲಾಗದೆ ಅಂಕಿ ಮಾತ್ರ ಇಳಿಸಿದರೆ, ಮೊದಲು ಹೇಳಿದ್ದು ಜಾಸ್ತಿಯಿತ್ತು ಎಂದು ನೀವೇ ಒಪ್ಪಿಕೊಂಡಂತೆ. ಚೌಕಾಸಿ ಮಾಡದೆ ಕೊಟ್ಟು ಹೋದ ಹಿಂದಿನ ಗಿರಾಕಿಗೂ ಅದು ಅನ್ಯಾಯ ಅಲ್ವಾ? ಬಾಯಿ ಜೋರಿದ್ದವರಿಗೆ ಒಂದು ಬೆಲೆ, ಸಂಕೋಚದವರಿಗೆ ಒಂದು ಬೆಲೆ ಆಗಬಾರದು. ದಪ್ಪ, ಬೆಸುಗೆಯ ಉದ್ದ, ಬೋಲ್ಟಿನ ಸಂಖ್ಯೆ ಇವುಗಳಲ್ಲಿ ಮಾತ್ರ ಏನನ್ನೂ ಇಳಿಸಬೇಡಿ.

ಸ್ನೇಹಿತರು, ನೆಂಟರು ಬಂದ್ರೆ ಎಷ್ಟು ತಗೊಳ್ಳಲಿ?

ಒಂದೋ ಪೂರ್ತಿ ದರ, ಇಲ್ಲವೇ ಪೂರ್ತಿ ಉಚಿತ. ನಡುವಿನ ಬೆಲೆಯಲ್ಲಿ ಇಬ್ಬರಿಗೂ ಸಮಾಧಾನ ಇರುವುದಿಲ್ಲ. ನಾನು ಅಕ್ಕನ ಮನೆಯವರ ಗಾಡಿಗೆ ಕೂಲಿ ತೆಗೆದುಕೊಳ್ಳುವುದಿಲ್ಲ, ಮಾಲಿನ ದುಡ್ಡು ಮಾತ್ರ ಅವರೇ ಅಂಗಡಿಗೆ ಕೊಡುತ್ತಾರೆ. ಉಚಿತವಾಗಿ ಮಾಡಿದರೂ ಎಷ್ಟು ಗಂಟೆ ಹಿಡಿಯಿತು ಎಂದು ಹೇಳಿ. ನೀವು ಕೊಟ್ಟದ್ದು ಏನು ಎಂದು ಅವರಿಗೂ ತಿಳಿದಿರಲಿ.

ಕೆಲಸದ ಮಧ್ಯೆ "ಇದನ್ನೂ ಒಂಚೂರು ಮಾಡಿಬಿಡಿ" ಅಂತಾರೆ...

ಹದಿನೈದು ನಿಮಿಷದೊಳಗಿನದ್ದಾದರೆ ಮಾಡಿಕೊಡಿ, ಲೆಕ್ಕ ಬೇಡ. ಅದಕ್ಕಿಂತ ಜಾಸ್ತಿಯಾದರೆ ಅಲ್ಲೇ, ಗ್ರೈಂಡರ್ ಎತ್ತುವ ಮೊದಲೇ, "ಇದಕ್ಕೆ ಎರಡು ಗಂಟೆ ಸೇರುತ್ತದೆ, ಮಾಡಲಾ?" ಎಂದು ಕೇಳಿ. ಅವರ ಒಪ್ಪಿಗೆ ಫೋನಿನ ಒಂದು ಸಂದೇಶದಲ್ಲಿ ಇರಲಿ. ಕೊನೆಯಲ್ಲಿ ಬಿಲ್ ನೋಡಿ ಬೆಚ್ಚಿಬೀಳುವ ಗಿರಾಕಿಗೆ ನೀವು ಎಷ್ಟೇ ಪ್ರಾಮಾಣಿಕ ಲೆಕ್ಕ ತೋರಿಸಿದರೂ ಮನಸ್ಸು ಮುರಿದಿರುತ್ತದೆ.

## ಕೈ ಪಳಗಿದ ಮೇಲೆ

ನನ್ನ ಅಂದಾಜು ತಪ್ಪಿ 10 ಗಂಟೆಯದು 16 ಆಯ್ತು. ಹೆಚ್ಚಿನದ್ದನ್ನ ಕೇಳಬಹುದಾ?

ಯಾಕೆ ಹೆಚ್ಚಾಯಿತು ಎಂಬುದರ ಮೇಲೆ ಇದೆ. ಗಾಡಿಯೊಳಗೆ ಅಡಗಿದ್ದ ದೋಷದಿಂದ ಆದರೆ, ಮತ್ತು ಕಂಡ ಕೂಡಲೇ ನೀವು ತಿಳಿಸಿದ್ದರೆ, ಅದು ಗಿರಾಕಿಯ ಖರ್ಚು. ನಿಮ್ಮ ಅಳತೆ ತಪ್ಪಿದ್ದರೆ, ಶೀಟ್ ಸೊಟ್ಟಗಾಗಿ ಮತ್ತೆ ಮಾಡಿದ್ದರೆ, ಅದು ನಿಮ್ಮ ಖರ್ಚು.

ನಾನು ಒಮ್ಮೆ ಒಂದು ಹಿಂಬದಿ ಬಂಪರನ್ನು ಪೂರ್ತಿ ಬೆಸುಗೆ ಹಾಕಿದ ಮೇಲೆ ಕೂರಿಸಲು ಹೋದೆ. ಶಾಖಕ್ಕೆ ಎಳೆದುಕೊಂಡು ಬೋಲ್ಟಿನ ತೂತು 6 ಮಿಮೀ ಸರಿದಿತ್ತು. ಗಾಡಿಯ ಮೇಲೆ ಇಟ್ಟು ಟ್ಯಾಕ್ ಹಾಕಬೇಕಿತ್ತು, ಹಾಕಿರಲಿಲ್ಲ. ಐದು ಗಂಟೆ ಹೋಯಿತು. ಬಿಲ್ಲಿನಲ್ಲಿ ಆ ಐದು ಗಂಟೆಯನ್ನು ಬರೆದು, ಪಕ್ಕದಲ್ಲಿ ಸೊನ್ನೆ ಹಾಕಿದೆ. ಗಿರಾಕಿ ಅದನ್ನು ನೋಡಿ "ಇದೇನು?" ಎಂದು ಕೇಳಿದರು, ಹೇಳಿದೆ. ಅವರು ಆಮೇಲೆ ಮೂರು ಜನರನ್ನು ಕಳಿಸಿದ್ದಾರೆ.

ನಾನಿನ್ನೂ ಕಲೀತಿದ್ದೀನಿ, ನಿಧಾನ. ನನ್ನ ನಿಧಾನಕ್ಕೂ ಗಿರಾಕಿ ಕೊಡಬೇಕಾ?

ಕೊಡಬಾರದು. ಪಳಗಿದ ಕೈಗೆ ಎಷ್ಟು ಗಂಟೆ ಹಿಡಿಯುತ್ತದೋ ಅಷ್ಟನ್ನೇ ಬಿಲ್ ಮಾಡಿ, ದರ ಮಾತ್ರ ಪೂರ್ತಿ ಇರಲಿ. ದರವನ್ನೇ ಅರ್ಧ ಮಾಡಿದರೆ ಮುಂದೆ ಏರಿಸುವುದು ಬಹಳ ಕಷ್ಟ. ಗಂಟೆ ಕಡಿಮೆ ಬರೆದರೆ, ಕೈ ಚುರುಕಾದಂತೆ ಗಳಿಕೆ ತಾನಾಗಿಯೇ ಏರುತ್ತದೆ.

ಒಂದೇ ಥರದ ಕ್ಯಾರಿಯರ್ ನಾಲ್ಕು ಜನ ಕೇಳ್ತಿದ್ದಾರೆ. ನಾಲ್ವರಿಗೂ ಅದೇ ಬೆಲೆನಾ?

ಥಿಯೋಡರ್ ರೈಟ್ ಎಂಬ ಎಂಜಿನಿಯರ್ 1936ರಲ್ಲಿ ವಿಮಾನ ತಯಾರಿಕೆಯ ಬಗ್ಗೆ ಒಂದು ಮುಖ್ಯ ಸಂಗತಿ ಪ್ರಕಟಿಸಿದರು. ತಯಾರಿಸಿದ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಒಂದಕ್ಕೆ ತಗಲುವ ಸರಾಸರಿ ದುಡಿಮೆ ನೂರಕ್ಕೆ 20ರಷ್ಟು ಇಳಿಯುತ್ತದೆ. ಆ ಲೆಕ್ಕದಲ್ಲಿ ಮೊದಲನೆಯದಕ್ಕೆ 10 ಗಂಟೆ ಹಿಡಿದರೆ, ಎರಡು ಮಾಡಿದಾಗ ಸರಾಸರಿ 8, ನಾಲ್ಕು ಮಾಡಿದಾಗ 6.4. ಸಣ್ಣ ಶೆಡ್ಡಿನಲ್ಲಿ ಅಷ್ಟೇ ಇಳಿಯುತ್ತದೆ ಎಂದಲ್ಲ, ಆದರೆ ಇಳಿಯುವುದು ಖಂಡಿತ.

ನಾಲ್ಕೂ ಒಟ್ಟಿಗೆ ಒಪ್ಪಿಕೊಂಡಿದ್ದರೆ ಒಂದು ಜಿಗ್ (ತುಂಡುಗಳನ್ನು ಒಂದೇ ಅಳತೆಯಲ್ಲಿ ಹಿಡಿದಿಡುವ ಚೌಕಟ್ಟು) ಮಾಡಿ. ಅದರ ಖರ್ಚನ್ನು ನಾಲ್ಕಕ್ಕೆ ಹಂಚಿ, ನಾಲ್ವರಿಗೂ ಒಂದೇ ಬೆಲೆ ಹೇಳಿ. ಮೊದಲು ಬಂದ ಒಬ್ಬರ ತಲೆಗೇ ಜಿಗ್ಗಿನ ಖರ್ಚು ಪೂರ್ತಿ ಹಾಕಬೇಡಿ. ಇಳಿದ ಗಂಟೆಯಲ್ಲಿ ಅರ್ಧ ಗಿರಾಕಿಗೆ ಬಿಡಿ, ಅರ್ಧ ನೀವು ಇಟ್ಟುಕೊಳ್ಳಿ. ಜಿಗ್ ಯೋಚಿಸಿ ಮಾಡಿದ್ದು ನಿಮ್ಮ ತಲೆ.

ಚಾಸಿ, ಟೋ ಹುಕ್, ರೋಲ್ ಕೇಜ್ (ಗಾಡಿ ಮಗುಚಿದರೆ ಒಳಗಿನವರನ್ನು ಕಾಪಾಡುವ ಪೈಪ್ ಚೌಕಟ್ಟು) ಕೆಲಸಕ್ಕೆ ಜಾಸ್ತಿ ಕೇಳಬೇಕಾ?

ಜಾಸ್ತಿ ಎಷ್ಟು ಎಂದು ಯೋಚಿಸುವ ಮೊದಲು, ಈ ಕೆಲಸ ನಾನು ಮಾಡಬೇಕಾ ಎಂದು ಕೇಳಿಕೊಳ್ಳಿ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಬೆಲೆ ಏರಿಸಿದ ಮಾತ್ರಕ್ಕೆ ಅಪಾಯ ಇಳಿಯುವುದಿಲ್ಲ.

ಈಗಿನ ಹಲವು ಕಾರುಗಳಲ್ಲಿ ಬಾಗಿಲ ನಡುವಿನ ಕಂಬಕ್ಕೆ ಬೋರಾನ್ ಬೆರೆತ ತುಂಬ ಗಟ್ಟಿ ಉಕ್ಕು ಹಾಕಿರುತ್ತಾರೆ. ಅದರ ಎಳೆತದ ಬಲ (ಎಳೆದರೆ ಮುರಿಯದೆ ತಡೆಯುವ ಶಕ್ತಿ) ಸುಮಾರು 1,500 ಮೆಗಾಪ್ಯಾಸ್ಕಲ್. ಸಾಮಾನ್ಯ ಉಕ್ಕಿನ ಹಾಗೆ ಬೆಸುಗೆ ಹಾಕಿದರೆ ಶಾಖ ತಾಗಿದ ಜಾಗ ಮೆತ್ತಗಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ರೇಸ್ ಕಾರಿನ ರೋಲ್ ಕೇಜಿಗೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ ನಿಯಮವೇ ಇದೆ. ಮುಖ್ಯ ಕಮಾನಿಗೆ ಕೋಲ್ಡ್ ಡ್ರಾನ್ ಸೀಮ್‌ಲೆಸ್ ಪೈಪ್ (ಕಾಯಿಸದೆ ಎಳೆದ, ಜೋಡಣೆಯ ಗೆರೆಯಿಲ್ಲದ ಪೈಪ್) ಬೇಕು, ಹೊರವ್ಯಾಸ ಮತ್ತು ದಪ್ಪದ ಅಳತೆ ಕನಿಷ್ಠ 45×2.5 ಅಥವಾ 50×2 ಮಿಮೀ. ಪೀಠೋಪಕರಣದ ಪೈಪಿನಲ್ಲಿ ಕೇಜ್ ಮಾಡಿ ಎಂದು ಕೇಳುವವರಿಗೆ ಎಷ್ಟೇ ದುಡ್ಡು ಕೊಟ್ಟರೂ ಇಲ್ಲ ಅನ್ನಿ.

ಕೆಲಸ ನಿಮ್ಮ ಕೈಗೆ ಹೊಂದುತ್ತದೆ ಎಂದು ಖಾತ್ರಿಯಿದ್ದರೆ ಬೆಲೆಯಲ್ಲಿ ಇವು ಸೇರಲಿ: ಪ್ರಮಾಣಪತ್ರವಿರುವ ಮಾಲು, ಮಾದರಿ ಬೆಸುಗೆ ಮಾಡಿ ಮುರಿದು ನೋಡುವ ಸಮಯ, ಹಂತಹಂತದ ಫೋಟೋ, ವಿಮೆಯ ಪಾಲು, ನಿಮ್ಮ ಕಡೆಯ ವಾಹನ ನಿಯಮದಂತೆ ಬೇಕಾಗುವ ತಪಾಸಣೆ. ಇಷ್ಟು ಸೇರಿದಾಗ ಬೆಲೆ ತಾನಾಗಿಯೇ ಏರುತ್ತದೆ. ಏರಿದ್ದಕ್ಕೆ ಕಾರಣವನ್ನೂ ನೀವು ತೋರಿಸಬಹುದು. ನಿಮ್ಮ ವಿಮೆ ಇಂಥ ಕೆಲಸಕ್ಕೆ ಅನ್ವಯಿಸುತ್ತದಾ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ. ಗಿರಾಕಿಯ ಗಾಡಿ ನಿಮ್ಮ ಜಾಗದಲ್ಲಿ ನಿಂತಿರುವಾಗ ಬೆಂಕಿ ಬಿದ್ದರೆ ಏನು ಎಂಬುದನ್ನೂ ಕೇಳಿ.

ಮಾಡಿಕೊಟ್ಟಿದ್ದು ಮುರಿದು ವಾಪಸ್ ಬಂದ್ರೆ?

ಬೆಸುಗೆ ಬಿಟ್ಟಿದ್ದರೆ ಉಚಿತವಾಗಿ ಸರಿಮಾಡಿ, ಎಷ್ಟು ದಿನವಾಗಿದೆ ಎಂದು ಕೇಳಬೇಡಿ. 50 ಕಿಲೋಗೆ ಮಾಡಿದ ಕ್ಯಾರಿಯರ್ ಮೇಲೆ 150 ಹೇರಿ ಬಗ್ಗಿಸಿದ್ದರೆ ಅದು ಹೊಸ ಕೆಲಸ. ಈ ವ್ಯತ್ಯಾಸ ಹೇಳಲು ಸಾಧ್ಯವಾಗುವುದು ಕೊಡುವಾಗಲೇ ಬಿಲ್ಲಿನಲ್ಲಿ "ಗರಿಷ್ಠ 50 ಕಿಲೋ" ಎಂದು ಬರೆದಿದ್ದರೆ ಮಾತ್ರ. ಕ್ಯಾರಿಯರ್ ಮೇಲೆಯೂ ಒಂದು ಸಣ್ಣ ತಗಡಿನಲ್ಲಿ ಬರೆದು ಅಂಟಿಸಿ. ಹೀಗೆ ವಾಪಸ್ ಬರುವ ಕೆಲಸಕ್ಕಾಗಿ ಪ್ರತಿ ಬಿಲ್ಲಿನಲ್ಲೂ ನೂರಕ್ಕೆ ಎರಡು ಮೂರು ಬೇರೆ ತೆಗೆದಿಡಿ.

ನಾನು ಕೆಲಸ ಮಾಡೋ ಕಾರ್ಖಾನೆಯ ಮಿಷನ್ ಬಳಸಿದ್ರೆ ಖರ್ಚು ಉಳಿಯುತ್ತೆ. ಬಳಸಬಹುದಾ?

ಬರವಣಿಗೆಯಲ್ಲಿ ಅನುಮತಿ ಇದ್ದರೆ ಮಾತ್ರ. ಅನುಮತಿ ಇಲ್ಲದೆ ಬಳಸಿ ಕಡಿಮೆ ಬೆಲೆ ಹೇಳಿದರೆ, ಆ ಕಡಿಮೆಯಾದ ದುಡ್ಡನ್ನು ನಿಮ್ಮ ಮಾಲೀಕರು ಕೊಟ್ಟಂತೆ. ಅಲ್ಲಿಗೆ ಬಂದ ಗಿರಾಕಿಯನ್ನು ನಿಮ್ಮ ಶೆಡ್ಡಿಗೆ ಕರೆಯುವುದೂ ಇದೇ ಸಾಲಿಗೆ ಸೇರುತ್ತದೆ.

ದರ ಯಾವಾಗ ಏರಿಸಬೇಕು?

ವರ್ಷಕ್ಕೊಮ್ಮೆ ಗಂಟೆಯ ದರದ ಲೆಕ್ಕವನ್ನು ಹೊಸದಾಗಿ ಹಾಕಿ. ಖರ್ಚು ಏರಿದ್ದರೆ ದರವೂ ಏರಲಿ. ಇನ್ನೊಂದು ಸೂಚನೆ ಕಾಯುವ ಪಟ್ಟಿ. ಎರಡು ತಿಂಗಳಿಗಿಂತ ಹೆಚ್ಚು ಕಾಯಬೇಕಾದ ಸ್ಥಿತಿ ಬಂದು, ಹೇಳಿದ ಬೆಲೆಗೆ ಯಾರೂ ಬೇಡ ಅನ್ನದಿದ್ದರೆ ನಿಮ್ಮ ದರ ಕಡಿಮೆಯಿದೆ. ಹತ್ತು ಜನರಲ್ಲಿ ಎಂಟು ಜನ ಹಿಂದೆ ಸರಿದರೆ ಗಂಟೆಗಳ ಅಂದಾಜನ್ನು ಒಮ್ಮೆ ನೋಡಿ. ಬಹಳ ಸಲ ದರ ಸರಿಯಿದ್ದು, ಗಂಟೆಯೇ ಜಾಸ್ತಿ ಇರುತ್ತದೆ.

ಈಗಾಗಲೇ ಮಾತು ಕೊಟ್ಟ ಕೆಲಸಗಳನ್ನು ಹಳೆಯ ದರದಲ್ಲೇ ಮುಗಿಸಿ. ಹಳೇ ಗಿರಾಕಿಗಳಿಗೆ ಹೊಸ ದರವನ್ನು ಮುಂದಿನ ಕೆಲಸ ಹಿಡಿಯುವ ಮೊದಲೇ ತಿಳಿಸಿ, ಯಾಕೆ ಎಂದೂ ಹೇಳಿ. ಗ್ಯಾಸಿನ ಬಿಲ್ ತೋರಿಸಬೇಕೆನಿಸಿದರೆ ತೋರಿಸಿ. ನಾನು ತೋರಿಸಿದ್ದೇನೆ.